ಎರೆಸೀಮೆಯ ಹಮಾಲರು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಾನು ಗುಮಾಸ್ತನಾಗಿದ್ದ ಜೋಳದ ಅಂಗಡಿಗೆ ವಿಜಯಪುರ ಕಡೆಯ ಹಮಾಲರೊಬ್ಬರು ಬರುತ್ತಿದ್ದರು. ಆ ಬಯಲುಸೀಮೆಯವರು ಯಾರು ಸಿಕ್ಕರೂ ಅವರನ್ನು, "ನಿಮ್ಮ ಹೊಲದಾಗ ನಿಂತ್ರ ಏನ್ ಕಾಣ್ತದ್ರಿ?" ಎಂದು ಕೇಳುತ್ತಿದ್ದರು.

ಒಂದು ದಿನ, ಆಳಂದಿ ಯಾತ್ರೆಗೆ ಹೊರಟ ಗುಂಪಿನಿಂದ ಬೇರ್ಪಟ್ಟ ಮುದುಕಿಯೊಬ್ಬಳು ಗಾಬರಿಯಲ್ಲಿ ಊರಿನ ಹೆಸರನ್ನೇ ಮರೆತು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಹಮಾಲರು ಬೆನ್ನ ಮೇಲಿನ ಚೀಲ ಇಳಿಸಿ ಅವಳನ್ನೂ ಅದನ್ನೇ ಕೇಳಿದರು.

"ಏನ್ ಕಾಣಬೇಕಪ್ಪಾ, ಬರೇ ಎರಿ ಹೊಲ. ಹಳ್ಳದಾಚಿ ಎರಡು ಬನ್ನಿಗಿಡ."

"ಹಳ್ಳದ ನೀರು ಉಪ್ಪದ ಏನವ್ವಾ?"

"ಹೌದು. ಎಮ್ಮಿನೂ ಕುಡಿಯಂಗಿಲ್ಲ."

ಹಮಾಲರು ಒಂದು ಊರಿನ ಹೆಸರು ಹೇಳಿದರು. ಮುದುಕಿ ಅವರ ಕೈ ಹಿಡಿದುಕೊಂಡು, "ನೀ ಯಾರ ಮಗಾ?" ಎಂದಳು. ಅವರು ಅಂಗಿ ಕೊಡವಿಕೊಂಡು, ಅವಳನ್ನು ಊರಿಗೆ ಮುಟ್ಟಿಸಲು ತಾವೇ ಬಸ್ಸು ಹತ್ತಿದರು. ನಾನು ನೋಡಿದ ಹನ್ನೆರಡು ವರ್ಷಗಳಲ್ಲಿ ಅವರು ಊರ ಕಡೆ ಹೋದದ್ದು ಅದೊಂದೇ ಸಲ.