ಕುರಿಯ ಕೆಮ್ಮಿಗೂ ಒಂದು ಲೈನು

ನಸುಕಿನಲ್ಲಿ ದೊಡ್ಡಉಳ್ಳಾರ್ತಿಯ ಬೋರಕ್ಕನಿಗೆ ಒಂದು ಕುರಿ ಫೋನ್ ಮಾಡುತ್ತದೆ. ನಗಬೇಡಿ, ನಿಜದ ಕತೆಯನ್ನೇ ಹೇಳುತ್ತಿದ್ದೇನೆ. ಒಲೆಯ ಮುಂದೆ ಕೂತಿದ್ದ ಬೋರಕ್ಕ ಊದುಗೊಳವೆ ಕೆಳಗಿಟ್ಟು, ಗೋಡೆಯ ಮೊಳೆಯಿಂದ ಕೆಂಪು ದಾರದ ಫೋನು ತೆಗೆದು ಕಿವಿಗೊತ್ತಿಕೊಳ್ಳುತ್ತಾರೆ. ಆ ಕಡೆ ಕುರಿಗಾಹಿ ಮಾರಣ್ಣ. ಅವರ ದನಿ, ಇದನ್ನು ಬರೆಯಲೆಂದು ಬಂದು ಹೊಸ್ತಿಲಲ್ಲಿ ಕೂತ ನನಗೂ ಕೇಳುವಷ್ಟು ಜೋರು.

“ನೀ ಸುಮ್ಕಿರು ಮಾರಣ್ಣ. ಫೋನು ಅದರ ಬಾಯತ್ರ ಹಿಡಿ.”

ಒಂದು ಕೆಮ್ಮು. ತಡೆದು ಇನ್ನೊಂದು. ಬೋರಕ್ಕ ಕಣ್ಣು ಮುಚ್ಚಿ ಕೇಳುತ್ತಾರೆ.

“ಒದ್ದೆ ಕೆಮ್ಮು ಐತೆ. ಮೂಗೂ ಸೋರ್ತೈತಾ? ಹಂಗಾದ್ರೆ ಹಿಂಡು ಅಲ್ಲೇ ನಿಲ್ಸು. ಎಲ್ಲಿಗೂ ಹೊಡ್ಕೊಂಡು ಹೋಗ್‌ಬ್ಯಾಡ.”

“ರಾತ್ರಿ ಅಜ್ಜಪ್ಪನ ಕುರಿ ಜತಿಗೆ ಹೊಲದಾಗೆ ತರುಬ್ತೀನಿ ಅಂದಿದ್ದೆ ಬೋರಕ್ಕ. ಹೊಲದೋರು ಅಡಿಗಿ ಮಾಡಿಸ್ತಾ ಅವ್ರೆ.”

“ನೀನೊಬ್ನೇ ಹೋಗಿ ಉಂಡು ಬಾ. ಕುರಿ ಬ್ಯಾಡ.”

ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿಯಿಡೀ ಕುರಿಗಳನ್ನು ಅಲ್ಲೇ ಕೂಡಿಹಾಕುವುದಕ್ಕೆ ಇಲ್ಲಿ ತರುಬುವುದು ಎನ್ನುತ್ತಾರೆ. ಕುರಿಯಿಂದ ಹೊಲ ಉಣ್ಣುತ್ತದೆ, ಹೊಲದಿಂದ ಕುರಿಗಾಹಿ ಉಣ್ಣುತ್ತಾರೆ. ಆದರೆ ಕೆಮ್ಮು, ಜ್ವರದಿಂದ ಹಿಂಡಿಗೆ ಹಿಂಡನ್ನೇ ಕೊಲ್ಲುವ ಹಿರೇಬೇನೆ ತಗುಲಿದ ಒಂದು ಕುರಿ ಅಲ್ಲಿ ಸೇರಿಕೊಂಡರೆ ಅದು ಎಲ್ಲವನ್ನೂ ಉಣ್ಣುತ್ತದೆ.

ಕೆಲವು ವರ್ಷಗಳ ಹಿಂದೆ ಆದದ್ದು ಅದೇ. ಆಗ ಬೋರಕ್ಕನ ಬಳಿ ಇದ್ದದ್ದು ಒಂದೇ ಫೋನು. ಲಸಿಕೆ ಹಾಕುವಾಗ ಕುರಿ ಹಿಡಿದುಕೊಡುತ್ತ ರೋಗಗಳ ಗುರುತು ಕಲಿತಿದ್ದ ಅವರನ್ನು ಎಲ್ಲ ಹಿಂಡಿನವರೂ ಕೇಳುತ್ತಿದ್ದರು. ಮಳೆ ಬಿದ್ದ ವಾರದಲ್ಲಂತೂ ಎಲ್ಲರೂ ಒಟ್ಟಿಗೇ. ಅವರು ಇನ್ನೊಬ್ಬರ ಜತೆ ಮಾತಿನಲ್ಲಿದ್ದ ಒಂದು ಬೆಳಿಗ್ಗೆ, ವರಸೆಯಲ್ಲಿ ಮಾವನಾಗಬೇಕಾದ ಅಜ್ಜಪ್ಪ ಕರೆ ಮಾಡಿ ಮಾಡಿ ಸೋತರು. ಪ್ರತಿಸಲವೂ ಎಂಗೇಜ್. ಕೆಮ್ಮುವ ಕುರಿಗಳನ್ನು ಬೇರೆಯವರ ಹಿಂಡಿನ ಜತೆಗೇ ತರುಬಿದರು. ಎರಡೂ ಹಿಂಡು ಮಣ್ಣಾದವು. ಉಳಿದ ನಾಲ್ಕಾರು ಮರಿಗಳಿಂದ ಅಜ್ಜಪ್ಪ ಮತ್ತೆ ಹಿಂಡು ಕಟ್ಟಿದ್ದಾರೆ.

“ಎರಡು ಸಿಮ್ಮಿನ ಫೋನು ತಗೊಂಡು ನೋಡ್ದೆ. ಒಂದ್ರಾಗೆ ಮಾತಾಡ್ತಿದ್ರೆ ಇನ್ನೊಂದು ಸತ್ತಂಗೆ. ಅದಕ್ಕೇ ಹಿಂಡಿಗೊಂದು ಮಾಡ್ದೆ” ಎನ್ನುತ್ತಾರೆ ಬೋರಕ್ಕ. ಮೊಳೆಗಳಲ್ಲಿ ಈಗ ಐದು ಹಳೆಯ ಕೀಪ್ಯಾಡ್ ಫೋನುಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಉಣ್ಣೆ ದಾರ. ಕೆಂಪು ಬಡಿದರೆ ಮಾರಣ್ಣ, ಕರಿಯದು ಬಡಿದರೆ ಅಜ್ಜಪ್ಪ. ಹಳದಿ ದಾರದ್ದು ಪೆದ್ದಣ್ಣನದು; ಮೊಳಕಾಲ್ಮುರು ಸೀಮೆಯ ಸಿದ್ದಾಪುರದ ಬಂಡೆಗಳನ್ನು ದಾಟಿ ಆಂಧ್ರದ ಕಡೆ ಮೇಯಿಸುವ ಅವರು ಅರ್ಧ ತೆಲುಗಿನಲ್ಲೇ ಮಾತಾಡುತ್ತಾರೆ. ಕುರಿಗಳು ಮಾತ್ರ ಗಡಿಯ ಎರಡೂ ಕಡೆ ಒಂದೇ ಭಾಷೆಯಲ್ಲಿ ಕೆಮ್ಮುತ್ತವೆ.

ಇವುಗಳಲ್ಲಿ ಮೂರು ಫೋನುಗಳು ಮೊದಲು ಒಂದೇ ಕಂಪನಿಯ ಸಿಮ್ಮಿಗೆ ಬೀಗ ಹಾಕಿಸಿಕೊಂಡಿದ್ದವು. ಚಳ್ಳಕೆರೆಯ ಮೊಬೈಲ್ ರಿಪೇರಿಯ ಹೊನ್ನೂರಸ್ವಾಮಿ ಲಾಕ್ ತೆಗೆದುಕೊಟ್ಟರು. “ಒಂದೇ ಮನಿಗೆ ಜೀತಕ್ಕಿದ್ವು. ಈಗ ಯಾರ ಮನಿಗೆ ಬೇಕಾದ್ರೂ ಕೂಲಿಗೆ ಹೋಗ್ತವೆ” ಎಂದು ಅವರು ನಗುತ್ತಾರೆ.

ಹೊಸ ಫೋನು ಯಾಕೆ ಬೇಡ? ಈ ಪ್ರಶ್ನೆಗೆ ಬಂದ ಉತ್ತರ ಕೇಳಿ ನಾನು ಬೆರಗಾದೆ. ಜಾಣ ಫೋನುಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಸುತ್ತಲಿನ ಸದ್ದನ್ನು ಅಳಿಸಿಹಾಕುತ್ತವೆ. ಕುರಿಯ ಕೆಮ್ಮು ಅವುಗಳ ಲೆಕ್ಕದಲ್ಲಿ ಬರೀ ಗಲಾಟೆ. ಹಳೆಯವು ಕೇಳಿದ್ದನ್ನೆಲ್ಲ ದಾಟಿಸುತ್ತವೆ. ಹಾಗಾಗಿ ಕುರಿಗಾಹಿಗಳ ಕೈಗೂ ಬೋರಕ್ಕ ಅಂಥವನ್ನೇ ಕೊಡಿಸಿದ್ದಾರೆ.

“ಆ ದೊಡ್ಡ ಫೋನ್‌ನಾಗೆ ಮಾರಣ್ಣ ಮಾತಾಡ್ತಾನೆ, ಕುರಿ ಮಾತಾಡಲ್ಲ. ಮಾರಣ್ಣನ ಮಾತು ತಗೊಂಡು ನಾನೇನ್ ಮಾಡ್ಲಿ?”

ಅಷ್ಟರಲ್ಲಿ ಅವರಿಗೆ ಒಂದು ಮಾತು ನೆನಪಾಗುತ್ತದೆ. ನಿನ್ನೆ ಮಾರಣ್ಣನ ಹಿಂಡೂ ಅಜ್ಜಪ್ಪನ ಹಿಂಡೂ ಹುಲ್ಲುಗಾವಲಿನ ಒಂದೇ ಗುಂಡಿಯಲ್ಲಿ ನೀರು ಕುಡಿದಿವೆ. ಕರಿ ದಾರದ ಫೋನು ಕೈಗೆ ಬರುತ್ತದೆ. “ಮಾವ, ಯಾವ್ದಾರ ಕೆಮ್ಮಿದ್ರೆ ತಕ್ಷಣ ಕೇಳ್ಸು.” ಮಾರಣ್ಣನ ಕುರಿಗಳನ್ನು ನೋಡಲು ಪಶುವೈದ್ಯ ಪ್ರದೀಪ್ ಹೋಗುತ್ತಾರೆ. ಕೆಮ್ಮುವ ಕುರಿಯನ್ನು ಬೇರೆ ಕಟ್ಟಿಸಿ, ಪರೀಕ್ಷೆಗೆ ಮಾದರಿ ತೆಗೆದುಕೊಂಡು ಅವರು ಮರಳುವವರೆಗೂ ಬೋರಕ್ಕ ಮತ್ತೆ ಮತ್ತೆ ಅಜ್ಜಪ್ಪನಿಗೆ ಫೋನಾಯಿಸುತ್ತಲೇ ಇದ್ದಾರೆ. ಮುದ್ದೆ ತಟ್ಟೆಯಲ್ಲೇ ಆರುತ್ತದೆ. ಒಲೆ ತಾನಾಗಿಯೇ ನಂದುತ್ತದೆ.

ಹೊತ್ತೇರಿದ ಮೇಲೆ ಕರಿ ದಾರದ್ದೇ ಬಡಿಯುತ್ತದೆ. ಮಾತಿಲ್ಲ, ಒಂದು ಕೆಮ್ಮು ಮಾತ್ರ. ಎಳೆದು, ಒದ್ದೆಯಾಗಿ, ಕೊನೆಯಲ್ಲಿ ಸೀನಿನ ಹಾಗೆ. ಲೈನು ಕಟ್ಟಾಗುತ್ತದೆ.

“ಹೋತು. ಮತ್ತೆ ಅವನ ಹಿಂಡೇ” ಎನ್ನುತ್ತ ಬೋರಕ್ಕ ಆಗಲೇ ಅಂಗಳಕ್ಕಿಳಿದು, ಬೈಕು ತೆಗೆಯಿರೆಂದು ಪ್ರದೀಪ್ ಅವರನ್ನು ಕೂಗುತ್ತಾರೆ.

ಗೌರಸಮುದ್ರದ ದಾರಿಯಲ್ಲಿ ಶೇಂಗಾ ಕಿತ್ತ ಹೊಲಕ್ಕೆ ಪ್ರದೀಪ್ ಅವರ ಬೈಕಿನ ಹಿಂದೆ ಬೋರಕ್ಕ, ಅವರ ಹಿಂದೆ ನನ್ನ ಬೈಕು. ಇಳಿದವರೇ ಕುರಿಗಳ ನಡುವೆ ನುಗ್ಗುತ್ತಾರೆ. ಒಂದೊಂದರ ಮೂಗು ಒರೆಸಿ, ಬಾಯಿ ಬಿಡಿಸಿ, ಕಣ್ಣ ರೆಪ್ಪೆ ಎತ್ತಿ ನೋಡುತ್ತಾರೆ. ಪ್ರದೀಪ್ ಥರ್ಮಾಮೀಟರ್ ಹಿಡಿದು ಹಿಂದೆಯೇ ಸಾಗುತ್ತಾರೆ. ಎಲ್ಲ ಮೂಗೂ ಒಣಗಿವೆ. ಜ್ವರ ಒಂದಕ್ಕೂ ಇಲ್ಲ.

“ಯಾವ್ದು ಮಾವ ಕೆಮ್ಮಿದ್ದು? ತೋರ್ಸು.”

ಅಜ್ಜಪ್ಪ ಕಂಬಳಿ ಸರಿಪಡಿಸಿಕೊಳ್ಳುತ್ತಾರೆ. ಆಕಾಶ ನೋಡುತ್ತಾರೆ.

“ಬೆಳಗಿಂದ ಕೆಮ್ಮು ಕೇಳ್ಸು, ಕೆಮ್ಮು ಕೇಳ್ಸು ಅಂತಿದ್ಯಲ್ಲ ತಾಯಿ. ಎಷ್ಟು ಹೊತ್ತು ಕಾದ್ರೂ ಒಂದೂ ಕೆಮ್ಮಲಿಲ್ಲ. ಬ್ಯಾಸ್ರಾತು. ನೀ ಗುರ್ತು ಹಿಡೀತೀಯೇನೋ ಅಂತ ನಾನೇ ಕೆಮ್ದೆ.”

ಬೈಗುಳದ ಮಳೆ ಬಂತೆಂದು ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಬೋರಕ್ಕ ಮಾತ್ರ ಒಣ ಶೇಂಗಾ ಬಳ್ಳಿಯ ಮೇಲೆ ಧಪ್ಪನೆ ಕೂತು, ಸೆರಗು ಬಾಯಿಗಿಟ್ಟು, ಆಮೇಲೆ ಸೆರಗನ್ನೂ ಬಿಟ್ಟು ನಗಲು ಶುರುಮಾಡುತ್ತಾರೆ.

“ಒಂದ್ ಕೆಮ್ಮಿಗೆ ನನ್ ಜೀವ ತೆಗದ್ಯಲ್ಲೋ ಮಾವ. ಕುರಿಗಿಂತ ಚೆಂದಾಗಿ ಕೆಮ್ತೀಯ.”

“ನಿಮ್ಮ ಕಿವಿ ಇವತ್ತು ತಪ್ತಲ್ಲ ಬೋರಕ್ಕ” ಎಂದು ಪ್ರದೀಪ್ ಛೇಡಿಸುತ್ತಾರೆ.

“ತಪ್ಲಿ ಬಿಡಿ ಡಾಕ್ಟ್ರೇ. ಇಂಥ ತಪ್ಪು ದಿನಾ ಆಗ್ಲಿ.”

ಅಜ್ಜಪ್ಪ ನಾಚಿಕೆಯಿಂದ ನಕ್ಕರು, ಪ್ರದೀಪ್ ನಕ್ಕರು, ನಾನೂ ನಕ್ಕೆ. ಬೋರಕ್ಕನ ನಗೆಯ ಮುಂದೆ ನಮ್ಮದು ಯಾವುದೂ ಕೇಳಲಿಲ್ಲ. ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ ಅವರನ್ನೇ ನೋಡುತ್ತಿದ್ದವು.