ಪುಸ್ತಕಗಳಿಗೆ ತವರು ಹುಡುಕಿದ ಪುಟ್ಟತಾಯತ್ತೆ

ಚನ್ನಪಟ್ಟಣದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಪುಟ್ಟತಾಯತ್ತೆ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೆಲ್ಲಗೆ ತಟ್ಟುತ್ತಾ ಕೂತಿದ್ದರು. ಕಂಡಕ್ಟರು ಬಂದು ಮಗುವಿಗೆ ಎಷ್ಟು ವರ್ಷ ಎಂದು ಕೇಳಿದ.

"ನೂರು ದಾಟೈತೆ ಕಣಪ್ಪ. ಅರ್ಧ ಟಿಕೆಟ್ ಕೊಟ್ಟೀಯೋ, ಮುದುಕರ ಟಿಕೆಟ್ ಕೊಟ್ಟೀಯೋ, ನಿನ್ನಿಷ್ಟ."

ಅವನು ಹೆದರಿ ಬಟ್ಟೆ ಸರಿಸಿ ನೋಡಿದರೆ ತೊಗಲಿನ ರಟ್ಟಿನ ದಪ್ಪ ಪುಸ್ತಕ. ಒಳಗೆ ಕೈಯಲ್ಲೇ ಬಣ್ಣ ಹಚ್ಚಿದ ಹಸಿರು ಕಪ್ಪೆಯೊಂದು ಅವನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಆಮೇಲೆ ಆ ಕಪ್ಪೆ ಸೀಟಿನಿಂದ ಸೀಟಿಗೆ ಹೋಗಿ, ರಾಮನಗರ ಬರುವಷ್ಟರಲ್ಲಿ ಇಡೀ ಬಸ್ಸನ್ನು ನೋಡಿ ಮುಗಿಸಿತ್ತು. ಪಕ್ಕದಲ್ಲಿದ್ದ ನಾನು ಜೀವವಿಲ್ಲದ ವಸ್ತುವಿಗೆ ವಯಸ್ಸಿರಬಹುದು, ಆದರೆ ಅದನ್ನು ತಟ್ಟಿ ಮಲಗಿಸುವುದಕ್ಕೆ ಯಾವ ಆಧಾರವೂ ಇಲ್ಲ ಎಂದು ವಾದಿಸಿದೆ. "ಒಸಿ ಮೆತ್ತಗೆ ಮಾತಾಡು ಲಾಯರಮ್ಮ, ಎದ್ದುಬುಟ್ಟಾತು" ಅಂದರು.

ನಾನಿನ್ನೂ ಲಾಯರಾಗಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ ಗೆದ್ದು ಗೆದ್ದು, ಯಾರಾದರೂ ಇವತ್ತು ಬಿಸಿಲು ಜಾಸ್ತಿ ಅಂದರೂ ಯಾವುದಕ್ಕೆ ಹೋಲಿಸಿದರೆ ಎಂದು ಕೇಳುವ ಕಾಯಿಲೆ ಹತ್ತಿತ್ತು. ಮನೆಯವರು ನನ್ನ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರು. ನನ್ನ ವಾದವನ್ನು ಮನರಂಜನೆ ಎಂದುಕೊಂಡು ಕರೆದು ಕೂರಿಸಿಕೊಳ್ಳುತ್ತಿದ್ದವರು ನಮ್ಮ ಬೀದಿಯ ಪುಟ್ಟತಾಯತ್ತೆ ಒಬ್ಬರೇ. ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅತ್ತೆ. ಗಂಡ ಶಿವಣ್ಣನವರ ಜೊತೆ ಮನೆಯ ಹಿಂದೆ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತಿದ್ದರು. ಅವರು ಬರುವ ಮೊದಲೇ ಬೆಂದ ಗೂಡಿನ ವಾಸನೆ ಬಂದು ಕೂತಿರುತ್ತಿತ್ತು.

ಪುಸ್ತಕದ ಹುಚ್ಚು ಹಿಡಿದದ್ದೂ ಗೂಡಿನಿಂದಲೇ. ಚನ್ನಪಟ್ಟಣದ ಸಾದಿಕ್ ಭಾಯಿಯ ಗುಜರಿ ಅಂಗಡಿಯಲ್ಲಿ ಹಳೇ ಪೇಪರು ಕೊಳ್ಳಲು ಹೋದಾಗ ಹರಿದ ಪುಸ್ತಕವೊಂದರಲ್ಲಿ ರೇಷ್ಮೆ ಚಿಟ್ಟೆಯ ಚಿತ್ರ ಕಂಡಿತಂತೆ. "ಇಷ್ಟು ಕಾಲ ಬೇಯ್ಸಿದ್ದೀನಿ, ಬಿಡುವಾಗಿ ಕುಂತು ಅದರ ಮುಖ ನೋಡಿರ್ನಿಲ್ಲ ಕಣವ್ವ" ಎಂದು ಹೇಳಿಕೊಳ್ಳುತ್ತಿದ್ದರು. ಅಲ್ಲಿಂದ ಹಕ್ಕಿ, ಹಾವು, ಶಂಖ, ಜೀರುಂಡೆ, ಹಳೇ ಕಾಲದ ಬಣ್ಣದ ಚಿತ್ರಗಳಿರುವ ಯಾವ ಪುಸ್ತಕ ಬಂದರೂ ಸಾದಿಕ್ ಭಾಯಿ ಎತ್ತಿಡುತ್ತಿದ್ದ. ಇಂಗ್ಲಿಷು ಅಷ್ಟಕ್ಕಷ್ಟೇ. ಅದರಿಂದ ಅವರಿಗೇನೂ ತೊಂದರೆಯಿರಲಿಲ್ಲ. ಬರೆದವನ ಮೇಲೆ ನೇರವಾಗಿ ತೀರ್ಪು ಕೊಡುತ್ತಿದ್ದರು. ಬದನೆಕಾಯಿಯಷ್ಟು ಕೊಕ್ಕಿನ ಪರದೇಶದ ಹಕ್ಕಿಯೊಂದನ್ನು ನೋಡಿ ಇದು ಕುಡಿದು ಬರೆದದ್ದು ಅಂದರು. ಇಲ್ಲ, ಅಂಥ ಹಕ್ಕಿ ಇದೆ ಅಂದೆ. ನೀನು ನೋಡಿದ್ದೀಯಾ ಅಂದರು. ನೋಡಿರಲಿಲ್ಲ. ಯಾವುದನ್ನೂ ಕಣ್ಣಾರೆ ಕಾಣದೆ ನಂಬಬಾರದು ಎಂದು ಊರಿಗೆಲ್ಲ ಬೋಧಿಸುತ್ತಿದ್ದ ನಾನು ಅವತ್ತು ಕಾಫಿ ಕುಡಿದು ಎದ್ದು ಬಂದೆ.

ಆದರೆ ಚಿತ್ರಕ್ಕಿಂತ ಅವರಿಗೆ ಮುಖ್ಯವಾದದ್ದು ಆ ಪುಸ್ತಕ ಮೊದಲು ಯಾರ ಮನೆಯಲ್ಲಿತ್ತು ಎನ್ನುವುದು. ಮೊದಲ ಪುಟದ ಹೆಸರು, ಎಣ್ಣೆ ಕಲೆ, ನಡುವೆ ಸಿಕ್ಕಿ ಸತ್ತ ಇರುವೆ, ಎಲ್ಲವನ್ನೂ ಬೆರಳಿಟ್ಟು ನೋಡುತ್ತಿದ್ದರು. ಅವರ ಪ್ರಕಾರ ಕೈ ಬದಲಾಯಿಸಿದ ಪುಸ್ತಕ ಕೊಟ್ಟ ಹೆಣ್ಣಿದ್ದಂತೆ. ಅದಕ್ಕೊಂದು ತವರು ಇರಲೇಬೇಕು. ಹಾಗಾಗಿ ಕೊಂಡ ಪುಸ್ತಕವನ್ನು ಒಂದು ಸಲವಾದರೂ ಹಳೇ ಒಡೆಯರ ಮನೆಗೆ ಕರೆದುಕೊಂಡು ಹೋಗುತ್ತಿದ್ದರು, ತಾಂಬೂಲ, ಹೂವು, ಹಣ್ಣು ಸಮೇತ. ಆ ಮನೆಯವರು ಹೊರಡುವಾಗ ಪುಸ್ತಕಕ್ಕೆ ಮಡಿಲಕ್ಕಿ ಕಟ್ಟಬೇಕು. ಕನಕಪುರದ ಕಡೆ, ಅಕ್ಕೂರಿನ ಕಡೆ, ದೊಡ್ಡಆಲಹಳ್ಳಿಯಲ್ಲಿ ಎಷ್ಟೋ ಮನೆಯವರು ತಲೆ ಕೆರೆದುಕೊಳ್ಳುತ್ತಲೇ ಜೀರುಂಡೆ ಪುಸ್ತಕಕ್ಕೆ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿದ್ದಾರೆ. ಕಾಗದಕ್ಕೆ ತವರಿಲ್ಲ, ಇದ್ದರೆ ಅದು ಕಾರ್ಖಾನೆ ಎಂದು ನಾನು ಪ್ರತಿ ಸಲವೂ ವಾದಿಸುತ್ತಿದ್ದೆ. ಅವರು ಬೆಲ್ಲವನ್ನು ನನ್ನ ಬಾಯಿಗಿಡುತ್ತಿದ್ದರು.

ಹೀಗಿರುವಾಗ ಸಾದಿಕ್ ಭಾಯಿಯಿಂದ ಹಕ್ಕಿಗಳ ಪುಸ್ತಕವೊಂದರ ಮೊದಲ ಸಂಪುಟ ಬಂತು. ಎರಡನೆಯದು ಮಾಗಡಿ ಹತ್ತಿರದ ಹಳ್ಳಿಯ ಮನೆಯೊಂದರಲ್ಲೇ ಉಳಿದಿದೆ, ಸುಣ್ಣ ಬಳಿಯುವಾಗ ಮೊದಲನೆಯದು ಹಳೇ ಪೇಪರಿನ ಜೊತೆ ಗುಜರಿಗೆ ಬಂದುಬಿಟ್ಟಿತು ಎಂದ. ಜೊತೆಗೆ ಕೆಟ್ಟ ಸುದ್ದಿಯೂ ಇತ್ತು. ಬಿಡದಿ ಕೈಗಾರಿಕಾ ಪ್ರದೇಶ ಬೆಳೆದಂತೆ ಸುತ್ತಮುತ್ತ ಗೆಸ್ಟ್ ಹೌಸುಗಳು ಏಳುತ್ತಿದ್ದವು. ಅವುಗಳ ಗೋಡೆಗೆ ಹಳೇ ಚಿತ್ರ ಬೇಕಂತೆ. ಫ್ರೇಮಿನ ವ್ಯಾಪಾರಿಯೊಬ್ಬ ಭಾನುವಾರ ಆ ಮನೆಗೆ ಹೋಗಿ ಪುಸ್ತಕದ ಹಾಳೆಗಳನ್ನು ಕೊಯ್ದುಕೊಂಡು ಬರುವವನಿದ್ದ. ಆ ಮನೆಯ ಮಗ ಕೆಂಪರಾಜು ಮಾತು ಕೊಟ್ಟಾಗಿತ್ತು.

ಅತ್ತೆ ಅವತ್ತು ಒಲೆ ಆರಿಸಿದರು. ಬೇಯುತ್ತಿದ್ದ ಗೂಡನ್ನು ಬಿಟ್ಟು ಅವರು ಎದ್ದದ್ದನ್ನು ಶಿವಣ್ಣನವರು ಅದೇ ಮೊದಲು ಕಂಡಿದ್ದು. "ರೆಕ್ಕೆ ಕಿತ್ತಾಕ್ತಾವನೆ ಕಣ್ರೀ" ಎಂದಷ್ಟೇ ಹೇಳಿ ಹೊರಟರು. ನಾನು ಮೂರು ವಾದ ಸಿದ್ಧಮಾಡಿಕೊಂಡೆ. ಅವರು ತಟ್ಟೆ ತುಂಬ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಮೊಳಗಟ್ಟಲೆ ಕನಕಾಂಬರ ಜೋಡಿಸಿಕೊಂಡರು. ನನಗೂ ಬಲವಂತವಾಗಿ ಸೀರೆ ಉಡಿಸಿದರು, ಮರ್ಯಾದಸ್ಥರ ಮನೆ ಎಂದು.

ಬಾಗಿಲು ತೆಗೆದ ಜಯಮ್ಮ ಕೆಂಪರಾಜುವಿನ ತಾಯಿ. ತಟ್ಟೆ ನೋಡಿದರು, ಸೀರೆಯುಟ್ಟ ನನ್ನನ್ನು ನೋಡಿದರು, ಮುಖ ಅರಳಿತು. ನಮ್ಮನ್ನು ಕೂರಿಸಿ ಒಳಗೆ ಓಡಿದರು. ಒಳಗಿನಿಂದ ಪಿಸುಮಾತು, ಪಾತ್ರೆ ಸದ್ದು, ಆಮೇಲೆ ಕೇಸರಿಬಾತು. ಅದರ ಹಿಂದೆಯೇ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಕೆಂಪರಾಜು, ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಕಣ್ಣಲ್ಲಿ ಪೂರ್ತಿ ನಿದ್ದೆ. ಎದುರಿಗೆ ಕೂರಿಸಿದರು.

"ಈಗಿನ ಕಾಲ್ದಲ್ಲಿ ಹೆಣ್ಣಿನ ಕಡೆಯೋರೇ ಗಂಡು ನೋಡಕ್ಕೆ ಬರದು ಒಳ್ಳೇದೇ ಬುಡಿ" ಅಂದರು ಜಯಮ್ಮ. "ಅಡುಗೆ ಬತ್ತದಾ ಹುಡುಗಿಗೆ?"

"ಇವಳಿಗಾ? ಬಾಯಿ ಬತ್ತದೆ" ಎಂದು ಅತ್ತೆ ಬಾಯಿತುಂಬ ಕೇಸರಿಬಾತು ಇಟ್ಟುಕೊಂಡೇ ಹೇಳಿದರು. ಅವರಿಗಿನ್ನೂ ಏನೂ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ನಾವು ಬಂದದ್ದು ಹಕ್ಕಿ ಪುಸ್ತಕಕ್ಕೆ ಎಂದು ಬಾಯಿಬಿಟ್ಟೆ. ಜಯಮ್ಮನ ಮುಖ ಮುದುಡಿತು, ಕೆಂಪರಾಜುವಿನ ಮುಖ ಬಿಡುಗಡೆಯಾದಂತೆ ಬೆಳಗಿತು. ಅವನ ಮುಖ ಬೆಳಗಿದ್ದು ನನ್ನ ಮನಸ್ಸಿಗೆ ಒಸಿ ಚುಚ್ಚಿತು.

ಆ ಸಿಟ್ಟಿನಲ್ಲೇ ಮೂರೂ ವಾದ ಮಂಡಿಸಿದೆ. ಅವನು ಆಕಳಿಸಿ ಒಂದೇ ಮಾತು ಹೇಳಿದ: "ಟ್ರಂಕಲ್ಲಿದ್ರೆ ಇಲಿ ನೋಡ್ತದೆ. ಗೋಡೇಲಿದ್ರೆ ನೂರು ಜನ ನೋಡ್ತಾರೆ." ಒಳ್ಳೇ ವಾದ. ಅಭ್ಯಾಸಬಲದಿಂದ ನಾನು ಒಳ್ಳೇ ವಾದ ಎಂದು ತಲೆಯಾಡಿಸಿದೆ ಕೂಡ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಗೂಡು ತಣ್ಣೀರಲ್ಲೇ ಬೇಯುತ್ತಿತ್ತು.

ಅವರು ವಾದಕ್ಕೆ ಹೋಗಲಿಲ್ಲ. ನಾಳೆ ಹೋಗುವ ಪುಸ್ತಕ, ಒಂದು ಸಲ ತೋರಿಸಿ ಎಂದು ಕೇಳಿದರು. ಟ್ರಂಕಿನಿಂದ ಬಂದದ್ದನ್ನು ತಾವು ಮುಟ್ಟದೆ ಜಯಮ್ಮನ ಕೈಯಲ್ಲೇ ತಿರುವಿಸಿದರು. ಜಯಮ್ಮ ಮುನಿಸಿನಲ್ಲೇ ಬೆರಳಿಗೆ ಎಂಜಲು ಹಚ್ಚಿ ತಿರುವುತ್ತಾ ಹೋದರು. ಎಂಜಲಿಗೊಮ್ಮೆ ಅತ್ತೆ ಕಣ್ಣು ಮುಚ್ಚುತ್ತಿದ್ದರು. ಗೂಬೆಯ ಚಿತ್ರ ಬಂದಾಗ ಕೈ ನಿಂತಿತು. ಗೂಬೆಯ ಮುಖದ ಮೇಲೆ ಪುಟ್ಟ ಅಂಗೈಯಗಲದ ಕಂದು ಕಲೆ.

"ಇದು ನಮ್ಮೆಜಮಾನ್ರ ಕೈ. ಮಗುವಾಗಿದ್ದಾಗ ಗೂಬೆಗೆ ಅಂಬಲಿ ಕುಡ್ಸಕ್ಕೋಗಿದ್ರಂತೆ. ನಮ್ಮಾವ ಸಾಯೋಗಂಟ ಹೇಳ್ಕಂಡು ನಗೋರು."

"ಅದೊಂದು ಹಾಳಾಗೈತೆ, ಬ್ಯಾಡ ಅಂದವ್ನೆ ಫ್ರೇಮಿನೋನು" ಅಂದ ಕೆಂಪರಾಜು.

"ಯಾವುದ್ಲಾ ಹಾಳಾಗಿರೋದು?" ಎಂದು ಜಯಮ್ಮ ಮಗನ ಕಡೆ ತಿರುಗಿದರು.

ಅಷ್ಟೇ. ಭಾನುವಾರದ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ಸಂತೋಷದಿಂದ ಕೈ ಚಾಚಿದರು. ಜಯಮ್ಮ ಪುಸ್ತಕ ಮುಚ್ಚಿ ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಯಾರಿಗೂ ಕೊಡುವುದಿಲ್ಲ, ಮನೆಯಲ್ಲೇ ಇರಲಿ ಅಂದರು.

ಅತ್ತೆಯ ಕೈ ಗಾಳಿಯಲ್ಲೇ ಉಳಿಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಸಹಾಯ ಬೇಡಿದರು. "ಏನಾರಾ ಹೇಳು ಲಾಯರಮ್ಮ."

"ನಿಮ್ಮ ವಾದದ ಪ್ರಕಾರವೇ ನೋಡಿದರೆ ಅವರು ಹೇಳೋದು ಸರಿ ಅತ್ತೆ" ಅಂದೆ.

ಅವರು ತಮ್ಮ ಗಂಟನ್ನು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಕೊನೆಗೆ ಮೊದಲ ಸಂಪುಟವನ್ನು ತೆಗೆದು ಜಯಮ್ಮನ ಮಡಿಲಲ್ಲಿ ಎರಡನೆಯದರ ಮೇಲಿಟ್ಟು, "ಜೋಡಿ ಒಡುದ್ರೆ ನಂಗೆ ನಿದ್ದೆ ಬರಾಕಿಲ್ಲ ಕಣವ್ವ" ಅಂದರು. ಜಯಮ್ಮ ಎದ್ದುಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲ ತಂದು ಅತ್ತೆಯ ಸೆರಗಿಗೇ ಕಟ್ಟಿದರು. ಮಾಗಡಿ ಬಸ್ ನಿಲ್ದಾಣದವರೆಗೆ ಅತ್ತೆ ಸೆರಗಿನ ಗಂಟನ್ನು ತಟ್ಟುತ್ತಲೇ ಬಂದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಕಂಬ ಹಿಡಿದುಕೊಂಡು ನಗಲು ಶುರುಮಾಡಿದರು. "ಗಂಡು ನೋಡಕ್ಕೋಗಿ ಹೆಣ್ಣನ್ನೂ ಬುಟ್ಟು ಬಂದ್ನಲ್ಲೇ!" ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನೂ ನೆಲದ ಮೇಲೆ ಕೂತು ನಕ್ಕೆ.

ಆಮೇಲೆ ತಿಂಗಳು ತಪ್ಪದೆ ಆ ಹಕ್ಕಿಗಳನ್ನು ನೋಡಲು ಹೋಗುತ್ತಿದ್ದರು. ಕೆಂಪರಾಜು ವಾರದ ರಜೆಯಲ್ಲಿ ಜಗುಲಿ ಮೇಲೆ ಪುಸ್ತಕ ಬಿಚ್ಚಿಟ್ಟರೆ ಬೀದಿಯೆಲ್ಲ ಬಂದು ನೋಡುತ್ತಿತ್ತು. ನೂರು ಜನ ಆಗಲಿಲ್ಲವಲ್ಲ ಎಂದು ಅತ್ತೆ ಅವನನ್ನು ಛೇಡಿಸುತ್ತಿದ್ದರಂತೆ.

ನಾನು ಕೋರ್ಟಿಗೆ ಹೋಗಲು ಶುರುಮಾಡಿದ ವರ್ಷ ಅತ್ತೆ ಹೋದರು. ಬೆಳಗ್ಗೆ ಒಲೆಯ ಮುಂದೆ ಯಾರನ್ನೋ ಬೈಯುತ್ತಿದ್ದವರು ಬೈಗುಳ ಮುಗಿಸುವ ಮೊದಲೇ ಕುಸಿದರಂತೆ. ತಿಥಿಯ ದಿನ ನೆಂಟರಿಗೆಂದು ಮಾಡಿದ ಅಡುಗೆ ಸಾಲಲಿಲ್ಲ. ಕನಕಪುರದಿಂದ, ಅಕ್ಕೂರಿನಿಂದ, ದೊಡ್ಡಆಲಹಳ್ಳಿಯಿಂದ ಗುರುತೇ ಇಲ್ಲದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಶಿವಣ್ಣನವರು ಒಬ್ಬೊಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಾ, ಹೆಂಡತಿಗೆ ಇಷ್ಟೊಂದು ಬಳಗ ಯಾವಾಗ ಬಂತು ಎಂದು ನನ್ನನ್ನೇ ಕೇಳಿದರು. ಜಯಮ್ಮ ಅಡುಗೆಮನೆ ಹೊಕ್ಕು ಮುದ್ದೆ ಕಟ್ಟುತ್ತಿದ್ದರು.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಮುದುಕರೊಬ್ಬರು ಎಲೆಗೆ ನೀರು ಚಿಮುಕಿಸಿಕೊಂಡು ವಿಚಾರಿಸಿದರು. "ನಾವು ಶಂಖದ ಪುಸ್ತಕದ ಕಡೆಯೋರು. ನೀನು ಯಾವ ಪುಸ್ತಕದ ಕಡೆಯೋಳವ್ವ?"

ವಾದಿಸಲು ಬೇಕಾದಷ್ಟಿತ್ತು. "ಹಕ್ಕಿ ಪುಸ್ತಕದ ಕಡೆ" ಎಂದು ಹೇಳಿ ಅವರಿಗೆ ಒಸಿ ಜಾಗ ಬಿಟ್ಟು ಸರಿದು ಕೂತೆ.