ಖಾಜಾಸಾಬರ ಮೂರು ಚುಕ್ಕಿ

ಮೊನ್ನೆ ಆಳಂದದ ನಮ್ಮ ಮನೆಯ ಗೇಟು ಅಗಲ ಮಾಡಿಸಲು ವೆಲ್ಡಿಂಗಿನ ಮೌನೇಶನನ್ನು ಕರೆಸಿದ್ದೆ. ಅವನು ಮೊದಲು ಸಡಿಲವಾದ ಬಿಜಾಗರಿಗೆ ರಾಡ್ ತಾಗಿಸಿದ್ದೇ ತಡ, ಆ ಸುಟ್ಟ ವಾಸನೆ ಮೂಗಿಗೆ ಬಡಿದು ಖಾಜಾಸಾಬರು ಕಣ್ಣೆದುರು ಬಂದು ನಿಂತರು. ಈ ಗೇಟು, ಆಗ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವರದೇ ಕೈಕೆಲಸ.

ಅವರದೊಂದು ಅಭ್ಯಾಸವಿತ್ತು. ಮನಸ್ಸಿಗೆ ಒಪ್ಪಿದ ಕೆಲಸದ ಮೂಲೆಯಲ್ಲಿ ವೆಲ್ಡಿಂಗಿನಿಂದಲೇ ಮೂರು ಚುಕ್ಕಿ ಇಡುವರು. ಒಪ್ಪದಿದ್ದರೆ ಇಲ್ಲ. ಹೆಸರು ಬರೆಯಲು ಬಾರದವರ ರುಜು ಅದು ಎಂದು ನಾನು, ಮಾಸ್ತರನ ಜಂಬದಲ್ಲಿ, ಚೇಷ್ಟೆ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅವ್ವನ ನೆನಪಿಗೆಂದು ಆಕೆಯ ಊರು ನಿಂಬರ್ಗಾದಲ್ಲಿ ಬಸ್ ನಿಲ್ಲುವ ಕಡೆ ಕುಡಿಯುವ ನೀರಿನ ಟಾಕಿ ಇಡಿಸುವ ಹುಕಿ ಬಂತು ನನಗೆ. ಟಾಕಿಯ ಸ್ಟ್ಯಾಂಡಿಗೆ ಆ್ಯಂಗಲ್ಲುಗಳನ್ನು ಜೇವರ್ಗಿಯಿಂದ ನಾನೇ ತಂದೆ. ನೋಡಿ, ತುದಿ ಮುರಿಯದೆ ಬೆಂಡೆಕಾಯಿ ಕೊಳ್ಳದವನು ಕಬ್ಬಿಣವನ್ನು ಬಣ್ಣ ನೋಡಿ ಕೊಂಡೆ.

ಖಾಜಾಸಾಬರು ಒಂದು ತುಂಡಿಗೆ ಬೆಸುಗೆ ಹಾಕಿ, ಆರಲು ಬಿಟ್ಟು, ಮೇಲಿನ ಕಪ್ಪು ಪೊರೆ ಕೆರೆದು ತೋರಿಸಿದರು. ನಟ್ಟನಡುವೆ ಕೂದಲೆಳೆಯಷ್ಟು ಸೀಳು.

“ಇದು ಗುಜರಿ ಕರಗಿಸಿ ಎಳೆದ ಮಾಲು ಸರ, ಸರಿಯಾಗಿ ಸೋಸಿಲ್ಲ. ಗಂಧಕ, ತಾಮ್ರ ಎಲ್ಲಾ ಒಳಗೇ ಉಳದಾವ. ಬೆಸುಗಿ ಆರೂ ಹೊತ್ತಿಗೆ ಸೀಳ್ತದ. ವಾಪಸ್ ಕೊಡ್ರಿ.”

“ನಾಳಿಗಿ ಅವ್ವ ತೀರಿ ವರ್ಷ ಆಗ್ತದ ಭಾಯಿ. ಹೆಂಗರ ಮಾಡಿ ನಿಂದ್ರಸ್ರಿ. ಚುಕ್ಕೀನೂ ಇಡ್ರಿ, ಮಂದಿಗಿ ಭರೋಸಾ ಬರ್ತದ” ಎಂದೆ.

ಅವರು ಆ ಸೀಳಿನ ಮೇಲೆ ಉಗುರು ಆಡಿಸಿದರು. ಆಮೇಲೆ, ತಾಯಿಯ ಹೆಸರಿನ ಕೆಲಸವೆಂದು, ಸ್ಟ್ಯಾಂಡ್ ನಿಲ್ಲಿಸಿ ಚುಕ್ಕಿಯನ್ನೂ ಇಟ್ಟರು.

ನಾಲ್ಕನೆಯ ದಿನ ಸ್ಟ್ಯಾಂಡಿನ ಕಾಲು ಬೆಸುಗೆಯಲ್ಲೇ ಕಳಚಿ ಟಾಕಿ ಉರುಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಸೇರಿದ ಮಂದಿ ಚುಕ್ಕಿ ಗುರುತಿಸಿ, “ಖಾಜಾಸಾಬನ ಕೈ ಕೆಟ್ಟದ” ಎಂದರು. ನಾನು ಅಲ್ಲೇ ನಿಂತಿದ್ದೆ. ಕಬ್ಬಿಣ ನನ್ನದು ಎನ್ನಲು ಬಾಯಿ ಬರಲಿಲ್ಲ. ಅಷ್ಟು ಜನರೆದುರು ನಾಚಿಕೆಯಾಯಿತು, ಅಷ್ಟೇ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಕೆಲಸ ಬರುವುದು ನಿಂತು ಅವರು ಅಂಗಡಿ ಮುಚ್ಚಿದರು. ಅಫಜಲಪುರದಲ್ಲಿ ಬೇರೆಯವರ ಕೈಕೆಳಗೆ ದುಡಿದರು. ಒಮ್ಮೆ ಅಲ್ಲಿ ಸಿಕ್ಕಾಗ ತಪ್ಪಾಯಿತು ಎನ್ನಲು ಹೋದೆ. “ಬಿಡ್ರಿ ಸರ, ಚುಕ್ಕಿ ಇಟ್ಟಾಂವ ನಾನೇ ಅಲ್ಲೇನ್ರಿ” ಎಂದು ಚಹಾ ತರಿಸಿದರು. ಆ ಚಹಾ ಕುಡಿದು ಬಂದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಬಿಜಾಗರಿ ಮುಗಿಸಿದ ಮೌನೇಶ ಗೇಟು ಕೊಯ್ಯಲು ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆ ಹಾದಲ್ಲೇ ಇದ್ದ ಮೂರು ಚುಕ್ಕಿಗಳನ್ನು ಕಂಡು, “ಇದು ಆ ಟಾಕಿ ಬೀಳಿಸಿದ ಖಾಜಾಸಾಬಂದಲ್ರೀ?” ಎಂದು ಕೇಳಿದ.

“ಕಬ್ಬಿಣ ನಂದಿತ್ತಪ್ಪ. ಅವರು ಬ್ಯಾಡ ಅಂದಿದ್ರು. ನಾನೇ ಹಟ ಮಾಡಿದ್ದೆ.”

ಅವನು ನನ್ನನ್ನೇ ನೋಡಿದ. “ಅವರು ಇದ್ದಾಗ ಮಂದಿ ಮುಂದ ಹೇಳಿದ್ರೇನ್ರಿ?”

“ಇಲ್ಲ.”

ಅವನು ತಾನು ಎಳೆದ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ, ಚುಕ್ಕಿಗಳನ್ನು ಉಳಿಸಿ, ಒಂದು ಗೇಣು ಆಚೆಗೆ ಹೊಸ ಗೆರೆ ಎಳೆದ.